ಗೇಟಿಗೆ ಎಂಟು ಹೆಜ್ಜೆ

ನಮ್ಮ ವೆಕ್ಸ್ಲಿ ಕೌಂಟಿಗೆ ಹತ್ತು ವರ್ಷಕ್ಕೊಮ್ಮೆ ಎರಡು ಬಗೆಯ ಜನ ಬರುತ್ತಾರೆ. ಮೊದಲು ತಲೆ ಎಣಿಸುವವರು, ಅವರ ಬೆನ್ನಿಗೇ ಚುನಾವಣಾ ಕ್ಷೇತ್ರಗಳ ಗೆರೆ ಎಳೆಯುವವರು. ತಲೆ ಎಣಿಸುವವರು ಬಾಗಿಲು ತಟ್ಟುತ್ತಾರೆ, ಹೆಸರು ಕೇಳುತ್ತಾರೆ, ನಾಯಿಗೆ ಹೆದರಿ ಬೇಗ ಹೊರಡುತ್ತಾರೆ. ಗೆರೆ ಎಳೆಯುವವರು ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಒಂದು ಬೆಳಿಗ್ಗೆ ಏಳುತ್ತೀರಿ. ಮನೆ ಇದ್ದಲ್ಲೇ ಇದೆ, ಹಿತ್ತಿಲ ಪೀಕನ್ ಮರ ಇದ್ದಲ್ಲೇ ಇದೆ, ನೀವು ಮಾತ್ರ ಬೇರೆ ಯಾರದೋ ಪಾಲಾಗಿದ್ದೀರಿ.

ನಾನು ಕ್ಲಿಯೋರಾ. ಮೌಂಟ್ ನೀಬೋ ಚರ್ಚಿನ ಪುಸ್ತಕ ಮೂವತ್ತೆಂಟು ವರ್ಷದಿಂದ ನನ್ನ ಕೈಯಲ್ಲಿದೆ. ಚುನಾವಣೆಯ ದಿನ ಅದೇ ಚರ್ಚಿನ ಊಟದ ಹಾಲಿನಲ್ಲಿ ಮತಗಟ್ಟೆಯ ಮೇಜಿನ ಹಿಂದೆ ಕೂರುವವಳೂ ನಾನೇ. ಒಜೆಲ್ಲಾ ಮತ್ತು ಅವಳ ಮೈದುನ ಲೂಷಸನ ಕಥೆ ಹೇಳಲು ಕೂತರೆ ಈ ಪುಸ್ತಕದ ವಿಷಯ ಮೊದಲು ಹೇಳಬೇಕು. ಅದನ್ನು ಮುಚ್ಚಿಟ್ಟು ಹೇಳಿದರೆ ಅದು ನನ್ನ ಪಾಪವನ್ನು ಮುಚ್ಚಿಟ್ಟ ಹಾಗೆ.

ಆಗಸ್ಟ್ ತಿಂಗಳ ಎರಡನೆಯ ಭಾನುವಾರ ನಮ್ಮಲ್ಲಿ ಮರಳಿ ಬರುವ ಹಬ್ಬ. ಡೆಟ್ರಾಯಿಟ್‌ಗೆ, ಶಿಕಾಗೋಗೆ ಹೋದ ಮಕ್ಕಳು ಮೊಮ್ಮಕ್ಕಳೆಲ್ಲ ಅವತ್ತು ತಾಯಿ ಚರ್ಚಿಗೆ ಬರುತ್ತಾರೆ. ಓಕ್ ಮರಗಳ ಕೆಳಗೆ ಉದ್ದಕ್ಕೆ ಮೇಜು ಹಾಕಿ ಇನ್ನೂರು ಮುನ್ನೂರು ಜನ ಊಟಕ್ಕೆ ಕೂರುತ್ತೇವೆ. ಯಾರನ್ನು ಎಲ್ಲಿ ಕೂರಿಸಬೇಕು ಎನ್ನುವುದು ನನ್ನ ಕೆಲಸ. ಪುಸ್ತಕದಲ್ಲಿ ಒಂದೊಂದು ಮನೆಗೆ ಒಂದೊಂದು ಪುಟ: ಯಾವ ರಸ್ತೆ, ಮನೆಯಲ್ಲಿ ಎಷ್ಟು ಜನ, ಚರ್ಚಿನ ಒಳಗೆ ಯಾವ ಬೆಂಚು, ಸಿಹಿಗೆಣಸಿನ ಪೈ ತರುವವರೋ ಕಾಲರ್ಡ್ ಸೊಪ್ಪು ತರುವವರೋ. ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಇನ್ನೊಂದು ಸಂಗತಿ: ಇವರನ್ನು ಯಾರ ಪಕ್ಕ ಕೂರಿಸಬಾರದು. ಬೇಲಿ ಜಗಳ, ಮದುವೆ ಮುರಿದದ್ದು, ಗಾಯನವೃಂದದಲ್ಲಿ ಒಂಟಿ ಹಾಡು ತಪ್ಪಿದ್ದು, ಎಲ್ಲವೂ ಅಲ್ಲಿ ಇತ್ತು. ಊರಿನಲ್ಲಿ ಶಾಂತಿ ಇರಲಿ ಎಂದೇ ನಾನು ಅದನ್ನು ಬರೆದಿಟ್ಟದ್ದು.

ಒಜೆಲ್ಲಾ ಮ್ಯಾಡಾಕ್ಸ್ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದವಳು. ನಲವತ್ತರ ಒಳಗಿನವರೆಲ್ಲ ಅವಳ ಕೈ ತುತ್ತು ತಿಂದವರೇ. ಗಂಡ ಥರ್ಮನ್ ಸತ್ತು ಬಹಳ ವರ್ಷವಾಗಿತ್ತು. ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೂ ಅತ್ತೆ ಪರ್ಲಿಯಮ್ಮನನ್ನು ತನ್ನ ಜೊತೆಯಲ್ಲೇ ಇಟ್ಟುಕೊಂಡಿದ್ದಳು. ಕೌಂಟಿ ಮಂಡಳಿಯಲ್ಲಿ ಐದು ಕ್ಷೇತ್ರ, ಐವರು ಸದಸ್ಯರು. ತನ್ನ ಕ್ಷೇತ್ರದ ರಸ್ತೆಗೆ ಜಲ್ಲಿ, ಡಾಂಬರು ಹಾಕಿಸುವುದು ಆಯಾ ಸದಸ್ಯರ ಕೈಯಲ್ಲಿ. ಒಜೆಲ್ಲಾ ನಾಲ್ಕನೆಯ ಕ್ಷೇತ್ರಕ್ಕೆ ನಿಂತು ಗೆದ್ದಳು. ಮೂರು ವರ್ಷದಲ್ಲಿ ನಾಲ್ಕು ಮಣ್ಣು ರಸ್ತೆಗೆ ಡಾಂಬರು ಹಾಕಿಸಿದಳು. ತನ್ನ ಸ್ವಂತ ಮನೆಯಿರುವ ಹ್ಯಾಚೆಟ್ ಲೇನನ್ನು ಕೊನೆಗಿಟ್ಟಳು, ಯಾರೂ ಬೆರಳು ತೋರಿಸಬಾರದೆಂದು. ಅದೇ ತಪ್ಪಾಯಿತು. ಕೊನೆಯದು ಬರುವ ಮೊದಲು ಗೆರೆ ಬಂತು.

ಮಂಡಳಿಯ ಅಧ್ಯಕ್ಷ ರಾಯ್ಸ್ ಟಿಡ್ಮೋರ್ ಎಂಬ ಬಿಳಿಯ. ಅವನ ಬೇಟೆ ಬಿಡಾರದ ರಸ್ತೆಗೆ ಎರಡು ಸಲ ಡಾಂಬರು ಬಿದ್ದದ್ದು ಹೇಗೆಂದು ಒಜೆಲ್ಲಾ ತುಂಬಿದ ಸಭೆಯಲ್ಲಿ ಕೇಳಿದ್ದಳು. ಅವನು ನಕ್ಕುಬಿಟ್ಟಿದ್ದ. ಅಂಥವರ ನಗು ಕಂಡರೆ ಪರ್ಲಿಯಮ್ಮ ಕೋಳಿಗಳನ್ನು ಒಳಗೆ ಕೂಡುತ್ತಿದ್ದಳು.

ಜನಗಣತಿ ಮುಗಿದ ಮರುವರ್ಷ, ಹಬ್ಬಕ್ಕೆ ಇನ್ನೂ ಎರಡು ತಿಂಗಳಿರುವಾಗ, ಲೂಷಸ್ ನಮ್ಮ ಮನೆಗೆ ಬಂದ. ಅವನು ಥರ್ಮನ್ನನ ತಮ್ಮ, ಪರ್ಲಿಯಮ್ಮನ ಕಿರಿಯ ಮಗ, ನಮ್ಮ ಚರ್ಚಿನ ಹಿರಿಯರಲ್ಲಿ ಒಬ್ಬ. ದೂರದ ಮಕ್ಕಳಿಗೆಲ್ಲ ಈ ಸಲ ತಾನೇ ಆಹ್ವಾನ ಬರೆಯುತ್ತೇನೆ, ನಿನಗೆ ವಯಸ್ಸಾಯಿತು ಅಕ್ಕ, ಪುಸ್ತಕ ನಾಲ್ಕು ದಿನ ಕೊಡು ಎಂದ. ಕೊಟ್ಟೆ. ಹೇಳಿದ ದಿನಕ್ಕೆ ಸರಿಯಾಗಿ ತಂದು ಕೊಟ್ಟ, ಜೊತೆಗೆ ಒಂದು ಬಾಟಲಿ ಅಂಜೂರದ ಮುರಬ್ಬ. ಮುರಬ್ಬ ಚೆನ್ನಾಗಿತ್ತು.

ಅಕ್ಟೋಬರಿನಲ್ಲಿ ಟಿಡ್ಮೋರನ ಆಫೀಸಿನಿಂದ ಬಂದ ಹೊಸ ನಕ್ಷೆಯನ್ನು ಕೋರ್ಟಿನ ಗೋಡೆಗೆ ಅಂಟಿಸಿದರು. ನಾವು ಹತ್ತಾರು ಜನ ನೋಡಲು ಹೋದೆವು. ನಾಲ್ಕನೆಯ ಕ್ಷೇತ್ರ ಮೊದಲು ಹೊದೆಸಿದ ಕಂಬಳಿಯ ಹಾಗಿತ್ತು, ಈಗ ಮೀನಿನ ಗಾಳದ ಹಾಗಾಗಿತ್ತು. ಮಾಡಿದ್ದೇನು ಎನ್ನುವುದು ಬೇರೆಯವರಿಗೆ ತಿಳಿಯಲು ತಿಂಗಳು ಹಿಡಿಯಿತು, ನನಗೆ ನಿಂತಲ್ಲೇ ತಿಳಿಯಿತು. ಚರ್ಚಿನ ಬಲಬದಿಯ ಬೆಂಚುಗಳಲ್ಲಿ ಒಜೆಲ್ಲಾಳ ಜೊತೆ ಕೂರುವ ಮನೆಗಳನ್ನು ಒಂದೊಂದಾಗಿ ಹೆಕ್ಕಿ ಎರಡನೆಯ ಕ್ಷೇತ್ರಕ್ಕೆ ಹಾಕಿದ್ದರು. ಅಲ್ಲಿ ಟಿಡ್ಮೋರನ ಜನ ಸಾವಿರಗಟ್ಟಲೆ; ನಮ್ಮ ನೂರು ಮತ ಅಲ್ಲಿಗೆ ಹೋದರೆ ಸಮುದ್ರಕ್ಕೆ ಹಾಕಿದ ಹಿಡಿ ಉಪ್ಪು. ಅವಳ ಪಕ್ಕ ಕೂರಿಸಬಾರದು ಎಂದು ನಾನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದವರನ್ನೆಲ್ಲ ನಾಲ್ಕರಲ್ಲೇ ಉಳಿಸಿದ್ದರು. ಕಪ್ಪು ಜನರ ಒಟ್ಟು ಸಂಖ್ಯೆ ಕ್ಷೇತ್ರದಲ್ಲಿ ಮೊದಲಿನಷ್ಟೇ ಇತ್ತು, ಆದ್ದರಿಂದ ಇಂಥ ನಕ್ಷೆಗಳನ್ನು ನೋಡಿ ಒಪ್ಪಿಗೆ ಕೊಡುವ ವಾಷಿಂಗ್ಟನ್ನಿನವರೂ ತಕರಾರು ಮಾಡಲಿಲ್ಲ. ಅವರಿಗೆ ನಮ್ಮ ಬಣ್ಣ ಮಾತ್ರ ಗೊತ್ತು, ನಮ್ಮ ಬೆಂಚುಗಳು ಗೊತ್ತಿಲ್ಲ.

ಹ್ಯಾಚೆಟ್ ಲೇನಿನಲ್ಲಿ ಗೆರೆ ಹಳೆಯ ರೈಲು ದಾರಿಯ ಮೇಲೆ ಹೋಗಿತ್ತು. ಅಜ್ಜಂದಿರ ಕಾಲದಲ್ಲಿ ಮರದ ಮಿಲ್ಲಿಗೆ ದಿಮ್ಮಿ ಸಾಗಿಸುತ್ತಿದ್ದ ರೈಲು. ಈಗ ಅಲ್ಲಿ ಹುಲ್ಲು ಬೆಳೆದ ದಿಬ್ಬ ಬಿಟ್ಟು ಬೇರೇನಿಲ್ಲ. ಆ ದಿಬ್ಬ ಒಜೆಲ್ಲಾಳ ಗೇಟಿಗೆ ಸ್ವಲ್ಪ ಮೊದಲು ರಸ್ತೆಯನ್ನು ದಾಟಿ, ಅವಳ ಮನೆಯ ಬೆನ್ನ ಹಿಂದೆ ಬಳಸಿಕೊಂಡು ಹೋಗುತ್ತದೆ. ಗೆರೆಯೂ ಹಾಗೆಯೇ ಬಳಸಿಕೊಂಡು ಹೋಗಿ, ಲೇನಿನ ಕೊನೆಯ ಆ ಒಂದು ಮನೆಯನ್ನು ಎರಡನೆಯ ಕ್ಷೇತ್ರಕ್ಕೆ ನೂಕಿತ್ತು. ಕ್ಷೇತ್ರದಲ್ಲಿ ವಾಸವಿಲ್ಲದವರು ನಿಲ್ಲುವಂತಿಲ್ಲ. ಒಜೆಲ್ಲಾಳ ಕುರ್ಚಿ ಅಲ್ಲಿಗೆ ಹೋಯಿತು.

ಅವಳು ಬೆರಳಿನಿಂದ ಗೆರೆಯನ್ನು ಸವರಿದಳು. ಪಕ್ಕದಲ್ಲೇ ಲೂಷಸ್ ಟೊಪ್ಪಿ ತೆಗೆದು ನಿಂತಿದ್ದ.

"ದೇವರ ಚಿತ್ತ ಅತ್ತಿಗೆ," ಎಂದ.

"ದೇವರ ಚಿತ್ತಕ್ಕೆ ಟಿಡ್ಮೋರ್ ಆಫೀಸಿನ ಮೊಹರು ಯಾವಾಗಿಂದ ಬೀಳ್ತಿದೆಯಪ್ಪಾ?" ಎಂದಳು ಒಜೆಲ್ಲಾ.

ಮರುವಾರವೇ ಲೂಷಸ್ ನಾಲ್ಕನೆಯ ಕ್ಷೇತ್ರಕ್ಕೆ ತಾನು ನಿಲ್ಲುವುದಾಗಿ ಹೇಳಿದ.

ನಾನು ಒಜೆಲ್ಲಾಳ ಮನೆಗೆ ಹೋಗಿ ಪುಸ್ತಕದ ವಿಷಯ ಹೇಳಿ ಅತ್ತೆ. ಅವಳು ಮೊಗಸಾಲೆಯಲ್ಲಿ ಕೂತು ಅವರೆ ಸುಲಿಯುತ್ತಿದ್ದಳು. ಕೈ ನಿಲ್ಲಲಿಲ್ಲ. ಪೂರ್ತಿ ಕೇಳಿಸಿಕೊಂಡಳು, ಒಂದು ಕಾಳು ನೆಲಕ್ಕೆ ಬಿದ್ದದ್ದನ್ನು ಎತ್ತಿ ಊದಿ ಬಟ್ಟಲಿಗೆ ಹಾಕಿದಳು.

"ಅಳಬೇಡ. ಪುಸ್ತಕ ಜೋಪಾನವಾಗಿ ಇಟ್ಕೋ," ಎಂದಳು. "ಹತ್ತು ವರ್ಷ ಬಿಟ್ಟು ನಂಗೂ ಬೇಕಾಗತ್ತೆ."

ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಎಂದುಕೊಂಡು ನಾನು ಕಣ್ಣೊರೆಸಿಕೊಂಡೆ.

ಚುನಾವಣೆಯ ದಿನ ಪರ್ಲಿಯಮ್ಮ ಬಂದಳು. ತೊಂಬತ್ತೊಂದು ವರ್ಷ. ನಮ್ಮವರು ಮತದ ಹೆಸರೆತ್ತಿದರೆ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ಇಡೀ ದಿನ ನಿಂತು ಹೆಸರು ಬರೆಸಿದವಳು. ಅಲ್ಲಿಂದಾಚೆ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ನಮ್ಮ ಮೇಜಿನ ಮೇಲೆ ಎರಡು ಕಟ್ಟು ಮತಪತ್ರ, ಎರಡನೆಯ ಕ್ಷೇತ್ರದವರಿಗೊಂದು, ನಾಲ್ಕನೆಯವರಿಗೊಂದು. ಅವಳಿಗೆ ಎರಡನೆಯ ಕ್ಷೇತ್ರದ ಕಟ್ಟಿನಿಂದ ಕೊಟ್ಟೆ. ಅವಳು ಮೇಲಿಂದ ಕೆಳಗೆ ಓದಿದಳು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು.

"ನನ್ ಮಗನ ಹೆಸ್ರೆಲ್ಲಿ ಕ್ಲಿಯೋರಾ?"

ನೀವು ಬೇರೆ ಕ್ಷೇತ್ರ ಅಮ್ಮ, ಅವನ ಹೆಸರು ಈ ಪತ್ರದಲ್ಲಿ ಬರುವುದಿಲ್ಲ ಎಂದೆ. ಬಾಗಿಲಲ್ಲಿ ನಿಂತು ಎಲ್ಲರ ಕೈಕುಲುಕುತ್ತಿದ್ದ ಲೂಷಸನನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಅವನನ್ನ ಹೆತ್ತಿದ್ದು ಯಾವ ಕ್ಷೇತ್ರದಲ್ಲಿ ಅಂತ ಕೇಳ್ಕೊಂಡು ಬಾ ಹೋಗು," ಎಂದಳು.

ಲೂಷಸ್ ಗೆದ್ದ. ಮೊದಲ ಬೇಸಿಗೆಯಲ್ಲೇ ಹ್ಯಾಚೆಟ್ ಲೇನಿಗೆ ಡಾಂಬರು ಬಂತು. ಕರ್ರಗೆ, ನುಣ್ಣಗೆ, ಹೊಸ ಬೂಟಿನ ಹಾಗೆ ಹೊಳೆಯುತ್ತಾ ಬಂದು ರೈಲು ದಿಬ್ಬದ ಬಳಿ ಚಾಕುವಿನಲ್ಲಿ ಕತ್ತರಿಸಿದಂತೆ ನಿಂತಿತು. ಅಲ್ಲಿಂದ ಮುಂದೆ ಎರಡನೆಯ ಕ್ಷೇತ್ರ, ತನಗೆ ಅಧಿಕಾರವಿಲ್ಲ ಎಂದು ಲೂಷಸ್ ವಿನಯದಿಂದಲೇ ಹೇಳಿದ. ಎರಡನೆಯ ಕ್ಷೇತ್ರದ ಸದಸ್ಯನಿಗೆ ಅಷ್ಟು ತುಂಡು ರಸ್ತೆಗೆ ಲಾರಿ ಕಳಿಸುವ ಮನಸ್ಸು ಯಾವತ್ತೂ ಬರಲಿಲ್ಲ. ಒಜೆಲ್ಲಾ ಒಂದು ಬೆಳಿಗ್ಗೆ ಡಾಂಬರಿನ ತುದಿಯಿಂದ ತನ್ನ ಗೇಟಿನವರೆಗೆ ನಡೆದು ನೋಡಿದಳು. ಎಂಟು ಹೆಜ್ಜೆ.

ಪರ್ಲಿಯಮ್ಮ ಮಲಗುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ಆ ಕೋಣೆಯನ್ನು ಥರ್ಮನ್ ಆಮೇಲೆ ಕಟ್ಟಿ ಮನೆಗೆ ಸೇರಿಸಿದ್ದ. ಬೆಳಿಗ್ಗೆ ಯಾರಾದರೂ ನಿದ್ದೆ ಬಂತೇ ಎಂದು ಕೇಳಿದರೆ ಅವಳದು ಒಂದೇ ಉತ್ತರ: "ಬಂತಮ್ಮ. ರೈಲು ಇನ್ನೂ ಬಂದಿಲ್ಲ." ಮುದುಕಿಯ ತಮಾಷೆ ಎಂದು ನಾವೆಲ್ಲ ನಗುತ್ತಿದ್ದೆವು, ತನ್ನನ್ನು ಕರೆದೊಯ್ಯುವ ರೈಲಿನ ಮಾತು ಆಡುತ್ತಾಳೆ ಎಂದುಕೊಂಡಿದ್ದೆವು.

ಎರಡು ವರ್ಷದ ಮೇಲೆ, ಫೆಬ್ರವರಿಯಲ್ಲಿ, ಆ ರೈಲು ಬಂತು. ಹದಿನೈದು ದಿನ ಬಿಡದೆ ಮಳೆ ಹೊಯ್ದಿತ್ತು. ನಮ್ಮ ಕೆಂಪು ಜೇಡಿ ನೆನೆದರೆ ಎತ್ತನ್ನೂ ಬಿಡುವುದಿಲ್ಲ. ರೂಢಿಯಂತೆ ಪರ್ಲಿಯಮ್ಮನ ಶವಪೆಟ್ಟಿಗೆಯನ್ನು ಹಿಂದಿನ ದಿನವೇ ಮನೆಗೆ ತಂದು ಮುಂದಿನ ಕೋಣೆಯಲ್ಲಿ ಇರಿಸಿದ್ದರು. ರಾತ್ರಿ ಮತ್ತೆ ಸುರಿಯಿತು. ಬೆಳಿಗ್ಗೆ ಚರ್ಚಿಗೆ ಒಯ್ಯಲು ಬಂದ ಉದ್ದನೆಯ ಕಪ್ಪು ಕಾರು ಡಾಂಬರಿನ ತುದಿಯಲ್ಲಿ ನಿಂತುಬಿಟ್ಟಿತು. ಒಂದು ಗಾಲಿ ಕೆಳಗಿಳಿದರೂ ಮತ್ತೆ ಏಳುವುದಿಲ್ಲ ಎಂದು ಚಾಲಕ ಹೇಳಿದ. ಹಲಗೆ ಹಾಸೋಣವೇ ಎಂದು ಯಾರೋ ಕೇಳಿದರು.

ಒಜೆಲ್ಲಾ ಮೊಗಸಾಲೆಯ ಮೆಟ್ಟಿಲ ಮೇಲೆ ನಿಂತಿದ್ದಳು, ತಲೆಯ ಮೇಲೆ ಕಪ್ಪು ಟೊಪ್ಪಿ.

"ಹಲಗೆ ಯಾಕೆ? ಮಗ ಇದಾನಲ್ಲ," ಎಂದಳು. "ಲೂಷಸ್, ನೀನು ಮುಂದೆ ಹಿಡಿ."

ಆರು ಜನ ಹೊತ್ತರು. ಲೂಷಸ್ ಮುಂದೆ, ಬಿಳಿ ಕೈಗವಸು, ಹೊಸ ಸೂಟು. ಅಂಗಳ ಹೇಗೋ ದಾಟಿದರು. ಗೇಟಿನಾಚೆ ನಾಲ್ಕನೆಯ ಹೆಜ್ಜೆಗೆ ಅವನ ಕಾಲು ಮೊಣಕಾಲವರೆಗೆ ಹೂತಿತು. ಕಿತ್ತಾಗ ಕಾಲು ಬಂತು, ಬೂಟು ಬರಲಿಲ್ಲ. ಪೆಟ್ಟಿಗೆ ವಾಲಿತು, ಬೀಳಲಿಲ್ಲ. ದೇವರು ಆ ಮುದುಕಿಗೆ ಅಷ್ಟು ಮರ್ಯಾದೆ ಉಳಿಸಿದ. ಚರ್ಚಿನ ಎಡ ಬಲ ಎರಡೂ ಬದಿಯ ಜನ ಗಟ್ಟಿ ಡಾಂಬರಿನ ಮೇಲೆ ಕೊಡೆ ಹಿಡಿದು ನಿಂತು ನೋಡಿದರು. ನನ್ನ ಬೆನ್ನ ಹಿಂದೆ ಒಂದು ಹೆಂಗಸಿನ ದನಿ, ಮೆಲ್ಲಗೆ: "ಟಾರು ಹಾಕ್ಸಿದ್ದು ಇವನೇ ಅಲ್ವೇನೇ?" ಇನ್ನೊಂದು ದನಿ: "ಹೂಂ. ಪಾಪ, ಮುದುಕಿ ಎಂಟು ಹೆಜ್ಜೆ ಈಚೆ ಬಂದು ಸಾಯ್ಬೇಕಿತ್ತು."

ಮಣ್ಣು ಮಾಡಿ ಬಂದ ಮೇಲೆ ಊಟದ ಹಾಲಿನಲ್ಲಿ ಒಜೆಲ್ಲಾ ಲೂಷಸನಿಗೆ ತಾನೇ ಬಡಿಸಿದಳು. ತಟ್ಟೆ ತುಂಬ ಬಡಿಸಿದಳು. ಅವನು ಒಂದು ಕಾಲಿಗೆ ಕಾಲುಚೀಲ ಮಾತ್ರ ಹಾಕಿಕೊಂಡು, ತಲೆ ಎತ್ತದೆ ತಿಂದ.

ವಾರದ ಮೇಲೆ ಅವಳು ನನಗೆ ಹೇಳಿಕಳಿಸಿದಳು. ಹೋಗಿ ನೋಡಿದರೆ ಹಿಂದಿನ ಕೋಣೆಯಲ್ಲಿ ಅತ್ತೆಯ ಮಂಚ ಗೋಡೆಗೊರಗಿ ನಿಂತಿದೆ, ನೆಲದ ಹಲಗೆ ನಾಲ್ಕು ಕಿತ್ತಿದೆ, ಒಜೆಲ್ಲಾ ಕೈಯಲ್ಲಿ ಸಬ್ಬಲು. ಮಂಚ ಸರಿಸಿ ನೆಲ ಒರೆಸುವಾಗ ಅತ್ತೆಯ ರೈಲಿನ ತಮಾಷೆ ನೆನಪಾಯಿತಂತೆ. ನಗು ಬರಲಿಲ್ಲವಂತೆ, ಹೋಗಿ ಸಬ್ಬಲು ತಂದಳಂತೆ. ನಾನು ಬಗ್ಗಿ ನೋಡಿದೆ. ಮಣ್ಣಿನ ಮೇಲೆ ತುಕ್ಕು ಹಿಡಿದ ಎರಡು ಕಂಬಿ, ಅಕ್ಕಪಕ್ಕ, ಮನೆಯ ಅಡಿಯಿಂದ ಬಂದು ಮನೆಯ ಅಡಿಯಿಂದಲೇ ಹೋಗುತ್ತಿದ್ದವು. ಥರ್ಮನ್ ಕೋಣೆ ಕಟ್ಟುವಾಗ ದಿಬ್ಬದ ಗಟ್ಟಿ ನೆಲ, ಸಿದ್ಧವಾಗಿ ಬಿದ್ದ ಕಂಬಿ ನೋಡಿ, ಬೇರೆ ಅಡಿಪಾಯ ಯಾಕೆ ಎಂದು ಅದರ ಮೇಲೆಯೇ ತೊಲೆ ಕೂರಿಸಿದ್ದ. ಕೋರ್ಟಿನ ನಕ್ಷೆಯ ಬರಹದಲ್ಲಿ ಗಡಿ ಎಂದರೆ 'ಹಳೆಯ ರೈಲು ದಾರಿಯ ನಡುಗೆರೆ'. ಆ ನಡುಗೆರೆ ನಮ್ಮ ಕಾಲ ಕೆಳಗಿತ್ತು. ಕೋಣೆಯ ಮುಕ್ಕಾಲು ಭಾಗ ಆಚೆ, ನಾಲ್ಕನೆಯ ಕ್ಷೇತ್ರದಲ್ಲಿತ್ತು.

ನಮ್ಮ ಕೌಂಟಿಯಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಟಿಡ್ಮೋರನ ಅಜ್ಜನ ದೊಡ್ಡ ಮನೆಯ ನಡುವೆಯೇ ಗಡಿ ಹೋದಾಗ ಅವನ ಅನುಕೂಲಕ್ಕೆಂದು ಮಾಡಿದ್ದು: ಗೆರೆ ಮನೆಯನ್ನು ಕತ್ತರಿಸಿದರೆ ಮನುಷ್ಯ ಎಲ್ಲಿ ಮಲಗುತ್ತಾನೋ ಅದೇ ಅವನ ಕ್ಷೇತ್ರ. ಅವತ್ತೇ ಒಜೆಲ್ಲಾ ತನ್ನ ಹಾಸಿಗೆಯನ್ನು ಅತ್ತೆಯ ಮಂಚಕ್ಕೆ ತಂದಳು, ಮಂಚವನ್ನು ಮೊದಲಿದ್ದ ಜಾಗದಲ್ಲೇ, ಆಚೆ ಗೋಡೆಗೆ ಸೇರಿಸಿ ಹಾಕಿದಳು. ಒಂದು ವರ್ಷದ ವಾಸ ಬೇಕಿತ್ತು. ಎರಡು ವರ್ಷ ಸದ್ದಿಲ್ಲದೆ ಅಲ್ಲಿ ಮಲಗಿದಳು. ಬೇಸಿಗೆಯಲ್ಲಿ ಆ ಕೋಣೆ ಒಲೆಯ ಹಾಗೆ ಕಾಯುತ್ತದೆ. ಮಗಳ ಮನೆಗೆ ಒಂದು ರಾತ್ರಿಯೂ ಹೋಗಲಿಲ್ಲ. ಮುಂದಿನ ಚುನಾವಣೆಗೆ ನಾಲ್ಕನೆಯ ಕ್ಷೇತ್ರದಿಂದ ಹೆಸರು ಕೊಟ್ಟಳು.

ಲೂಷಸ್ ತಕರಾರು ಹಾಕಿದ. ನೋಂದಣಿಯ ಮೂವರು ಅಧಿಕಾರಿಗಳು ಅಳತೆ ಪಟ್ಟಿ ಹಿಡಿದು ಮನೆಗೇ ಬಂದರು. ಕಂಬಿ ನೋಡಿದರು, ನಡು ಗುರುತಿಸಿ ಸೀಮೆಸುಣ್ಣದಲ್ಲಿ ನೆಲಕ್ಕೆ ಗೀಟು ಹಾಕಿದರು, ಗೀಟಿನಿಂದ ಮಂಚಕ್ಕೆ ಅಳೆದರು. ಅವರಲ್ಲಿ ದಪ್ಪಗಿದ್ದವನು, ಸ್ವಲ್ಪ ನಾಚಿಕೊಂಡೇ, ತಲೆ ಯಾವ ಕಡೆ ಹಾಕಿ ಮಲಗುತ್ತೀರಿ ಎಂದು ಕೇಳಿದ.

"ತಲೆ ನಾಲ್ಕರಲ್ಲಿ, ಕಾಲೂ ನಾಲ್ಕರಲ್ಲಿ," ಎಂದಳು ಒಜೆಲ್ಲಾ. "ಹೊರಳಿದ್ರೂ ನಾಲ್ಕೇ. ಚಪ್ಪಲಿ ಮಾತ್ರ ಎರಡರಲ್ಲಿ ಬಿಡ್ತೀನಿ. ಅದಕ್ಕೆ ಬೇಕಾದ್ರೆ ಬೇರೆ ಓಟು ಕೊಡಿ."

ಅಧಿಕಾರಿಗಳೂ ನಕ್ಕರು. ಲೂಷಸ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಸೀಮೆಸುಣ್ಣದ ಗೀಟನ್ನು ದಾಟಲಿಲ್ಲ. ಇದು ಅಮ್ಮನ ಮಂಚ ಅಲ್ಲವೇ, ಅದರ ಮೇಲೆ ರಾಜಕೀಯವೇ ಎಂದು ಗೊಣಗಿದ.

ಒಜೆಲ್ಲಾ ಅವನ ಕಡೆ ತಿರುಗಿದಳು. ಇಷ್ಟು ವರ್ಷ ಅವಳು ಕಾದಿದ್ದ ಮಾತು ಅದೇ ಇರಬೇಕು, ಅಷ್ಟು ಮೆತ್ತಗೆ ಹೇಳಿದಳು.

"ಅಮ್ಮನ ಮಂಚಾನೇ. ಇದ್ದ ಜಾಗದಲ್ಲೇ ಇದೆ. ಅಂದ್ರೆ ಅವರು ನಿನ್ನ ಕ್ಷೇತ್ರದಲ್ಲೇ ಮಲಗ್ತಿದ್ರು ಲೂಷಸ್. ನಿನಗೆ ಓಟು ಹಾಕ್ಬೋದಿತ್ತು. ನಿನ್ನ ಹೆಸ್ರು ಹುಡುಕಿದ್ರಂತೆ ಪಾಪ. ನೀನೇ ಇಲ್ಲ ಅನ್ನಿಸ್ದೆ."

ಅಳತೆ ಪಟ್ಟಿ ಕಿರಕಿರ ಎಂದು ಸುತ್ತಿಕೊಂಡ ಸದ್ದು ಮಾತ್ರ ನನಗೆ ನೆನಪಿದೆ.

ಅವಳು ಹತ್ತೊಂಬತ್ತು ಮತದ ಅಂತರದಲ್ಲಿ ಗೆದ್ದಳು. ಎಣಿಸಿದವಳು ನಾನೇ. ಅವಳ ಬಲಬದಿಯ ಬೆಂಚಿನವರು ಯಾರೂ ಆ ಕ್ಷೇತ್ರದಲ್ಲಿರಲಿಲ್ಲ. ಅವಳ ಪಕ್ಕ ಕೂರಿಸಬಾರದವರೇ ಅವಳನ್ನು ಗೆಲ್ಲಿಸಿದರು, ಫೆಬ್ರವರಿಯ ಕೆಸರು ಕಂಡವರು. ಆ ಹತ್ತೊಂಬತ್ತು ಪರ್ಲಿಯಮ್ಮನವು ಎಂದು ನಾನು ಇಂದಿಗೂ ಹೇಳುತ್ತೇನೆ.

ಕಥೆ ಇಲ್ಲಿಗೆ ನಿಂತಿದ್ದರೆ ನಮ್ಮ ಪಾದ್ರಿಗಳು ಅದನ್ನು ಭಾನುವಾರ ಹೇಳಬಹುದಿತ್ತು. ಹೇಳಿದರು ಕೂಡ, ತಗ್ಗಿಸಲ್ಪಟ್ಟವಳನ್ನು ದೇವರು ಎತ್ತಿದ ಎಂದು. ಒಜೆಲ್ಲಾ ಮುಂದಿನ ಬೆಂಚಿನಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಾ ಕೇಳಿದಳು. ಎಲ್ಲರೂ ಆಮೆನ್ ಎಂದಾಗ ಅವಳ ಬಾಯಿ ಅಲುಗಲಿಲ್ಲ, ನಾನು ನೋಡಿದೆ.

ಮತ್ತೆ ತಲೆ ಎಣಿಸುವವರು ಬಂದು ಹೋದರು. ಟಿಡ್ಮೋರ್ ಆಗ ಸತ್ತಿದ್ದ. ಮಂಡಳಿಯ ಐವರಲ್ಲಿ ಇಬ್ಬರು ಅತ್ತ, ಇಬ್ಬರು ಇತ್ತ, ನಡುವೆ ಒಜೆಲ್ಲಾ. ಅವಳು ಯಾವ ನಕ್ಷೆಗೆ ಕೈ ಎತ್ತುತ್ತಾಳೋ ಅದೇ ನಕ್ಷೆ. ಎರಡು ಕಡೆಯವರೂ ಅವಳ ಮೊಗಸಾಲೆಗೆ ಬಂದು ಸಿಹಿ ಟೀ ಕುಡಿದು ಹೋದರು. ಅವಳು ಕೇಳಿದ್ದು ಒಂದೇ: ನಾಲ್ಕನೆಯ ಕ್ಷೇತ್ರದ ಗೆರೆ ನಾನೇ ಎಳೆಯುತ್ತೇನೆ, ಉಳಿದದ್ದು ನೀವೇನಾದರೂ ಮಾಡಿಕೊಳ್ಳಿ.

ಆ ಸಂಜೆ ಅವಳು ನನ್ನ ಮನೆಗೆ ಬಂದಳು, ಕೈಯಲ್ಲಿ ಒಂದು ಬಾಟಲಿ ಅಂಜೂರದ ಮುರಬ್ಬ. ಬಾಟಲಿ ನೋಡಿಯೇ ನನಗೆ ಅರ್ಥವಾಯಿತು.

ಮುಯ್ಯಿ ತೀರಿಸುವುದು ನಮ್ಮ ಕೆಲಸವಲ್ಲ, ಮೇಲಿರುವವನದು ಎಂದು ಹೇಳಿದೆ. ಅವನಿಗೆ ಕೆಲಸ ಬಹಳವಿದೆ, ನಾನು ಸ್ವಲ್ಪ ಕೈ ಹಾಕುತ್ತೇನೆ ಎಂದಳು. ಲೂಷಸ್ ಬರುವ ವರ್ಷ ಮತ್ತೆ ನಿಲ್ಲುತ್ತಾನೆ ಎಂಬ ಸುದ್ದಿ ಊರಲ್ಲಿತ್ತು. ಅವನನ್ನು ಗೆರೆಯಾಚೆ ಹಾಕುತ್ತೀಯಾ, ಅವನು ನಿನ್ನನ್ನು ಹಾಕಿದ ಹಾಗೆ, ಎಂದು ಕೇಳಿದೆ.

"ಆಚೆ ಹಾಕಿದ್ರೆ ಬೇರೆಯವರ ಹತ್ರ ಹೋಗಿ ಅಳ್ತಾನೆ," ಎಂದಳು. "ಒಳಗಿದ್ರೆ ನನ್ನ ಹತ್ರಾನೇ ಬರ್ಬೇಕು. ಅವನೊಬ್ಬನ್ನ ಇಟ್ಕೋತೀನಿ. ಅವನ ಜೊತೆ ಕೂರೋರು ಯಾರ್ಯಾರು ಅಂತ ಹೇಳು."

ನಾನು ಬೀರುವಿನಿಂದ ಪುಸ್ತಕ ತೆಗೆದೆ. ನನ್ನ ಪೆನ್ಸಿಲ್ ಗುರುತುಗಳನ್ನು ಅವನು ಕದ್ದು ಓದಿ ಹತ್ತು ವರ್ಷವಾಗಿತ್ತು. ಆ ಹತ್ತು ವರ್ಷವೂ ಹಬ್ಬದ ಮೇಜಿನಲ್ಲಿ ನಾನು ಅವನ ತಟ್ಟೆಗೆ ಕೋಳಿ ಬಡಿಸುತ್ತಾ ನಕ್ಕಿದ್ದೆ. ಆ ನಗು ಎಲ್ಲಿಂದ ಬರುತ್ತಿತ್ತು ಎಂದು ನನಗೆ ಆಗ ತಿಳಿಯಿತು. ಮೊದಲ ಸಲ ಪುಸ್ತಕ ಕೊಟ್ಟದ್ದು ತಿಳಿಯದೆ. ಎರಡನೆಯ ಸಲ ಚೆನ್ನಾಗಿ ತಿಳಿದು. ಮೊದಲನೆಯದಕ್ಕೆ ದೇವರಲ್ಲಿ ಕ್ಷಮೆ ಕೇಳಿದ್ದೇನೆ. ಎರಡನೆಯದಕ್ಕೆ ಕೇಳಬೇಕೆಂದು ಮೊಣಕಾಲೂರುತ್ತೇನೆ, ಬೇರೆ ಏನೋ ಬೇಡಿಕೊಂಡು ಏಳುತ್ತೇನೆ.

ಲೂಷಸ್ ಇರುವುದು ಕಟ್ಲರ್ ರಸ್ತೆಯಲ್ಲಿ, ಹೆಂಡತಿಯ ಅಣ್ಣ ತಮ್ಮಂದಿರ ನಡುವೆ. ಹೊಸ ಗೆರೆ ಅವನ ಹುಣಸೆಬೀಜದಷ್ಟು ಅಂಗಳದ ಮೂರು ಕಡೆಯಿಂದ ಹಾದುಹೋಯಿತು. ಭಾವಮೈದುನರೆಲ್ಲ ಎರಡಕ್ಕೆ ಹೋದರು. ಚರ್ಚಿನ ಎಡಬದಿಯಲ್ಲಿ ಅವನ ಜೊತೆ ಕೂರುವವರು ಒಂದಷ್ಟು ಎರಡಕ್ಕೆ, ಒಂದಷ್ಟು ಐದಕ್ಕೆ. ಬಲಬದಿಯವರೆಲ್ಲ ನಾಲ್ಕಕ್ಕೆ ಮರಳಿ ಬಂದರು. ನಕ್ಷೆಯಲ್ಲಿ ನೋಡಿದರೆ ಕಟ್ಲರ್ ರಸ್ತೆಯ ತುದಿಯಲ್ಲಿ ಒಂದು ಬೆರಳು ಚಾಚಿದ ಹಾಗೆ. ಬೆರಳಿನ ಉಗುರಿನಲ್ಲಿ ಅವನ ಮನೆ.

ಚುನಾವಣೆಯಲ್ಲಿ ಲೂಷಸನಿಗೆ ಹನ್ನೊಂದು ಮತ ಬಿತ್ತು. ನಾನು ಎರಡು ಸಲ ಎಣಿಸಿದೆ. ಅವನು ಬಾಗಿಲ ಹತ್ತಿರ ಟೊಪ್ಪಿ ಹಿಡಿದು ನಿಂತಿದ್ದ. ಸಂಖ್ಯೆ ಗಟ್ಟಿಯಾಗಿ ಓದುವುದು ಕಾನೂನು, ಓದಿದೆ.

ಆ ಚಳಿಗಾಲ ಅವನ ಮನೆ ಮುಂದಿನ ರಸ್ತೆ ಕೊಚ್ಚಿಹೋಯಿತು. ವಾರಕ್ಕೆ ಎರಡು ಸಲ ಅವನ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನು ಅಲ್ಲಿಗೆ ಬರಲಾರೆನೆಂದಿತು. ಅವನು ಒಜೆಲ್ಲಾಳ ಮೊಗಸಾಲೆಗೆ ಬಂದ. ನಾನು ಅಲ್ಲೇ ಇದ್ದೆ. ಕೆಸರು ಬೂಟನ್ನು ಮೆಟ್ಟಿಲ ಕೆಳಗೆ ಬಿಟ್ಟು ಕಾಲುಚೀಲದಲ್ಲಿ ಮೇಲೆ ಬಂದ. ಅವಳು ಕುರ್ಚಿ ಕೊಟ್ಟಳು, ಕೇಕು ಕೊಟ್ಟಳು. ಅವನು ಕೇಕನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ.

"ಅತ್ತಿಗೆ, ನನ್ನನ್ನ ಆಚೆಗಾದ್ರೂ ಹಾಕ್ಬಾರ್ದಿತ್ತಾ?" ಎಂದ.

"ಆಚೆ ಹಾಕಿಸ್ಕೊಂಡೋಳು ನಾನು. ಅಲ್ಲಿ ಎಷ್ಟು ಗಾಳಿ ಇದೆ ಅಂತ ನಂಗೊತ್ತು," ಎಂದಳು ಒಜೆಲ್ಲಾ. "ನಿನಗ್ಯಾಕೆ ಆ ಗಾಳಿ?"

ರಸ್ತೆಯ ಮಾತು ಅವನು ಎತ್ತಿದ, ಹೆಂಡತಿಯ ಮಾತು ಎತ್ತಿದ. ಅವಳು ಎಲ್ಲವನ್ನೂ ಕೇಳಿದಳು. ಹಾಕಿಸುತ್ತೇನೆ, ಮಳೆ ನಿಲ್ಲಲಿ ಎಂದಳು. ಅವನು ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಹೇಳಿ, ಮೆಟ್ಟಿಲಿಳಿದು, ಬೂಟು ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

ಅವಳು ಮಾತಿಗೆ ತಪ್ಪಲಿಲ್ಲ. ಏಪ್ರಿಲ್‌ನಲ್ಲಿ ಲಾರಿಗಳು ಬಂದವು. ಹ್ಯಾಚೆಟ್ ಲೇನಿನ ಕೊನೆಯೂ ಈಗ ನಾಲ್ಕರಲ್ಲೇ ಇತ್ತು. ಲಾರಿಯವರು ಮೊದಲು ಅಲ್ಲಿಗೇ ಹೋಗಿ, ಉಳಿದ ತುಂಡು ಮುಗಿಸಿಬಿಡುತ್ತೇವೆ ಅಮ್ಮ ಎಂದರು. ಒಜೆಲ್ಲಾ ಬೇಡವೆಂದು ತಿರುಗಿಸಿ ಕಳಿಸಿದಳು. ನಿನ್ನ ಗೇಟಿನ ಮುಂದಿನದನ್ನೇ ಯಾಕೆ ಮಣ್ಣಾಗಿ ಬಿಟ್ಟೆ ಎಂದು ಕೇಳಿದೆ.

"ಇರ್ಲಿ," ಎಂದಳು. "ಅಳತೆಗೆ ಬೇಕು."

ಹಬ್ಬಕ್ಕೆ ಈ ಸಲ ಮೇಜು ಹಾಕಿದಾಗ ಎಡಬದಿ ಅರ್ಧಕ್ಕರ್ಧ ಖಾಲಿ ಇತ್ತು. ಲೂಷಸನ ಭಾವಮೈದುನರು ಬೇರೆ ಚರ್ಚಿಗೆ ಹೋಗುತ್ತಾರಂತೆ. ಪುಸ್ತಕದಲ್ಲಿ ಅವರ ಪುಟಗಳು ಹಾಗೆಯೇ ಇವೆ. ಅಂಚಿನಲ್ಲಿ ಬರೆಯಲು ಜಾಗ ಉಳಿದಿಲ್ಲ. ಲೂಷಸನ ಕಾಯಿಲೆಯ ಹೆಂಡತಿಗೆಂದು ಒಂದು ತಟ್ಟೆ ಊಟ ಕಟ್ಟಿಕೊಂಡು ನಾನೇ ಕಟ್ಲರ್ ರಸ್ತೆಗೆ ನಡೆದು ಹೋದೆ. ಹೊಸ ಡಾಂಬರು ಬಿಸಿಲಿಗೆ ವಾಸನೆ ಹೊಡೆಯುತ್ತಿತ್ತು. ಅವನ ಮನೆ ಇನ್ನೂ ಸ್ವಲ್ಪ ದೂರವಿರುವಾಗ ಅದು ಚಾಕುವಿನಲ್ಲಿ ಕತ್ತರಿಸಿದಂತೆ ನಿಂತಿತ್ತು. ಅಲ್ಲಿ ಯಾವ ಗಡಿಯೂ ಇಲ್ಲ, ರೈಲು ದಿಬ್ಬವೂ ಇಲ್ಲ. ಅವನಿಗೆ ಗೆರೆಯ ನೆಪವಾದರೂ ಇತ್ತು. ಒಜೆಲ್ಲಾಳಿಗೆ ಅದೂ ಬೇಕಾಗಲಿಲ್ಲ.

ಮೊಗಸಾಲೆಯಲ್ಲಿ ಲೂಷಸ್ ಕೂತು ನನ್ನನ್ನೇ ನೋಡುತ್ತಿದ್ದ. ಎದ್ದು ಬರಲಿಲ್ಲ. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ನಾನು ಮಣ್ಣಿಗಿಳಿದೆ. ಎಣಿಸಬಾರದು ಎಂದುಕೊಂಡೇ ಎಣಿಸಿದೆ. ಎಂಟನೆಯ ಹೆಜ್ಜೆಗೆ ಗೇಟು ಕೈಗೆ ಸಿಕ್ಕಿತು.